ಕಮಡೋರ್ ರಾಯರು ಮತ್ತು ಡೊಂಕು ಅಂಗಳ

ಪಟ್ಟಂದೂರು ಅಗ್ರಹಾರ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಐಟಿಪಿಎಲ್‌ನ ಗಾಜಿನ ಕಟ್ಟಡಗಳಿಗೆ ಬೆನ್ನು ಹಾಕಿ ಯಾವ ಅಡ್ಡರಸ್ತೆಗೆ ನುಗ್ಗಿದರೂ ಒಂದು ಅಪಾರ್ಟ್‌ಮೆಂಟ್ ಸಿಗುತ್ತದೆ; ಯಾವ ಅಪಾರ್ಟ್‌ಮೆಂಟಿಗೆ ನುಗ್ಗಿದರೂ ಇಂಥವರೊಬ್ಬರು ಸಿಗುತ್ತಾರೆ. ವಯಸ್ಸು ಐವತ್ತು ದಾಟಿದೆ. ಕೋಡ್ ಬರೆಯುವುದನ್ನು ಬಿಟ್ಟು, ಬರೆಯುವವರನ್ನು ಮೀಟಿಂಗಿಗೆ ಕರೆಯುವ ಮಟ್ಟಕ್ಕೆ ಏರಿದ್ದಾರೆ. ಮನೆಸಾಲ ತೀರಿದೆ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಮಗಳು ಎರಡನೇ ಪಿಯುಸಿ. ಇಷ್ಟಾದ ಮೇಲೆ ಮನುಷ್ಯನಿಗೆ ಬಾಲ್ಯ ಕಾಡಲೇಬೇಕು. ಕೆಲವರು ಊರಲ್ಲಿ ತೋಟ ಕೊಳ್ಳುತ್ತಾರೆ, ಕೆಲವರು ಕೊಳಲು ಕಲಿಯುತ್ತಾರೆ. ನಮ್ಮ ಸಿ ಬ್ಲಾಕಿನ ರಾಯರು ಕಮಡೋರ್ 64 ತರಿಸಿದರು.

ಪೂರ್ತಿ ಕಮಡೋರ್ ಅಲ್ಲ, ಅದರ ಮರಿ. 1982ರಲ್ಲಿ ಅಮೆರಿಕದಲ್ಲಿ ಬಂದ ಆ ಮನೆಬಳಕೆಯ ಕಂಪ್ಯೂಟರನ್ನು ಬ್ರಿಟನ್ನಿನ ಕಂಪನಿಯೊಂದು ಅರ್ಧ ಗಾತ್ರಕ್ಕೆ ಇಳಿಸಿ, 2018ರ ಮಾರ್ಚ್‌ನಲ್ಲಿ ‘ದಿ ಸಿ64 ಮಿನಿ’ ಎಂದು ಮಾರುಕಟ್ಟೆಗೆ ಬಿಟ್ಟಿತು. ಟಿವಿಗೆ ಎಚ್‌ಡಿಎಂಐ ವೈರು ಚುಚ್ಚಿದರೆ ಸಾಕು, ಒಳಗೆ 64 ಆಟಗಳು ತಯಾರು. ಜೊತೆಗೊಂದು ಜಾಯ್‌ಸ್ಟಿಕ್. ಮೇಲೆ ಕಾಣುವ ಕೀಬೋರ್ಡ್ ಮಾತ್ರ ಶೋಗೆ. ಒತ್ತಿದರೆ ಒಂದಕ್ಷರವೂ ಬೀಳುವುದಿಲ್ಲ. ರಾಯರ ಭಾವಮೈದ ಮ್ಯಾಂಚೆಸ್ಟರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಅದನ್ನು ತಂದ. ರಾಯರ ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅಷ್ಟು ದೂರದಿಂದ ತಂದು, ಒತ್ತಿದ್ರೆ ಒತ್ಕೊಳ್ದೇ ಇರೋ ಕೀಬೋರ್ಡ್ ತಂದಿದಾನಲ್ಲೋ” ಎಂದರಂತೆ.

ಅಂದಿನಿಂದ ಬ್ಲಾಕಿನ ಮಕ್ಕಳ ಬಾಯಲ್ಲಿ ಅವರು ಕಮಡೋರ್ ಅಂಕಲ್. ಹೊಸದಾಗಿ ಬಂದ ಸೆಕ್ಯೂರಿಟಿಯವನು ಅದನ್ನು ಕೇಳಿಸಿಕೊಂಡು, ಇವರು ನೌಕಾಪಡೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು ಎಂದುಕೊಂಡು ಗೇಟಿನಲ್ಲಿ ಸಲ್ಯೂಟ್ ಹೊಡೆಯತೊಡಗಿದ. ರಾಯರು ತಿದ್ದಲಿಲ್ಲ. ಆಗಸ್ಟ್ 15ಕ್ಕೆ ಬಾವುಟ ಹಾರಿಸಲು ಅಸೋಸಿಯೇಷನ್ನಿನವರು ಇವರನ್ನೇ ಕರೆದಾಗಲೂ ತಿದ್ದಲಿಲ್ಲ. ಬಿಳಿ ಪ್ಯಾಂಟು ಇಸ್ತ್ರಿ ಮಾಡಿಸಿದರು.

ಶನಿವಾರ ಬಂತೆಂದರೆ ವಾಟ್ಸಾಪಿನಲ್ಲಿ ಕರೆಯೋಲೆ: “ಏಳಕ್ಕೆ ಆಟ. ಕಾಫಿ, ಚಕ್ಕುಲಿ ಇದೆ.” ನಾವು ಹೋಗುವುದು ಚಕ್ಕುಲಿಗೆ. ಏಳಕ್ಕೆ ಟಿವಿ ಹೊತ್ತಿಕೊಳ್ಳುತ್ತದೆ, ಪರದೆಯ ಮೇಲೆ ಆಟಗಳ ರಕ್ಷಾಪುಟಗಳು ಸಾಲಾಗಿ ಸರಿಯತೊಡಗುತ್ತವೆ. ರಾಯರ ನಿಜವಾದ ಆಟ ಇದು, ಈ ಸರಿಸಾಟ. “ಪ್ಯಾರಾಡ್ರಾಯ್ಡ್ ನೋಡೋಣ್ವಾ? 1985. ಆಂಡ್ರ್ಯೂ ಬ್ರೇಬ್ರೂಕ್ ಬರೆದಿದ್ದು. ಬೇಡ, ಅದಕ್ಕೆ ಮನಸ್ಸು ನಿಲ್ಲಬೇಕು. ಯೂರಿಡಿಯಮ್? ಅದೂ ಅವನದೇ, ಮುಂದಿನ ವರ್ಷದ್ದು. ಊಟಕ್ಕೆ ಮುಂಚೆ ಅಷ್ಟು ವೇಗ ಒಳ್ಳೇದಲ್ಲ. ‘ಮಾಂಟಿ ಆನ್ ದಿ ರನ್’ ಹಾಕ್ತೀನಿ, ಆಡೋದು ಬೇಡ, ರಾಬ್ ಹಬರ್ಡ್ ಸಂಗೀತ ಕೇಳಿ ಸಾಕು.” ನಾವು ಕೇಳುತ್ತೇವೆ. ಸಂಗೀತ ನಿಜಕ್ಕೂ ಚೆನ್ನಾಗಿದೆ. ಮೂರೇ ದನಿಯ ಒಂದು ಚಿಪ್ಪಿನಿಂದ ಅಷ್ಟು ನಾದ ಹೊರಡಿಸಿದ್ದಕ್ಕೆ ಆ ಮನುಷ್ಯನಿಗೆ ಕೈಮುಗಿಯಬೇಕು. ಅಷ್ಟರಲ್ಲಿ ಎಂಟು ಗಂಟೆ. ಚಕ್ಕುಲಿ ಮುಗಿದಿರುತ್ತದೆ, ಆಟ ಶುರುವಾಗಿರುವುದಿಲ್ಲ.

64 ಆಟಗಳಿದ್ದರೂ ಬೇಕಾದದ್ದು ಅದರಲ್ಲಿಲ್ಲ ಎಂಬ ಕೊರಗು ಬೇರೆ. ‘ದಿ ಲಾಸ್ಟ್ ನಿಂಜಾ’ ಇಲ್ಲದ ಕಮಡೋರ್ ಒಂದು ಕಮಡೋರೇ ಎನ್ನುತ್ತಾರೆ. ಹಳೆಯ ಆಟಗಳ ಹಕ್ಕು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಇದ್ದು, ಕೊಟ್ಟವರದ್ದು ಮಾತ್ರ ಪೆಟ್ಟಿಗೆಗೆ ಬರುತ್ತದೆ. ಇಲ್ಲದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಆಡಬಹುದು ನಿಜ, ಆದರೆ ಮೊದಮೊದಲು ಅದಕ್ಕೊಂದು ಪೀಕಲಾಟವಿತ್ತು: ಪೆಟ್ಟಿಗೆ ಹುಡುಕುತ್ತಿದ್ದದ್ದು ಒಂದೇ ಒಂದು ಹೆಸರಿನ ಫೈಲನ್ನು. ಹೊಸ ಆಟ ಬೇಕೆಂದರೆ ಪ್ರತಿ ಸಲ ಕಂಪ್ಯೂಟರಿಗೆ ಚುಚ್ಚಿ ಹೆಸರು ಬದಲಿಸಬೇಕು. ರಾಯರು ಒಂದು ಆಟಕ್ಕೆ ಒಂದರಂತೆ ಪೆನ್‌ಡ್ರೈವ್ ಕೊಂಡು, ಮನೆಯ ಹಳೇ ಸ್ಟೀಲಿನ ಮಸಾಲೆ ಡಬ್ಬಿಯಲ್ಲಿ ಜೋಡಿಸಿಟ್ಟರು. ಸಾಸಿವೆ ಬಟ್ಟಲಲ್ಲಿ ನಿಂಜಾ, ಮೆಂತ್ಯದ ಬಟ್ಟಲಲ್ಲಿ ಕಾರ್ ರೇಸು. ಆಮೇಲೆ ಕಂಪನಿಯೇ ತಂತ್ರಾಂಶ ತಿದ್ದಿ ಒಂದೇ ಪೆನ್‌ಡ್ರೈವಿನಿಂದ ಎಷ್ಟು ಬೇಕಾದರೂ ಆರಿಸಿಕೊಳ್ಳುವ ಹಾಗೆ ಮಾಡಿತು. ರಾಯರು ಡಬ್ಬಿ ಬಿಡಲಿಲ್ಲ. ಅವರ ಶ್ರೀಮತಿ ಹೊಸ ಮಸಾಲೆ ಡಬ್ಬಿ ಕೊಂಡರು.

ಇನ್ನು ಕೋಲಿನ ವಿಷಯ. ರಾಯರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಜಾಯ್‌ಸ್ಟಿಕ್ಕನ್ನು ಅರ್ಥ ಮಾಡಿಕೊಳ್ಳಬೇಕು.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಗಾದೆ ಕಟ್ಟಿದವರು ಆ ಅಂಗಳವನ್ನು ಒಮ್ಮೆಯಾದರೂ ಹೋಗಿ ನೋಡಿದ್ದರೇ ಎಂಬುದು ರಾಯರ ಪ್ರಶ್ನೆ. ಯಾಕೆಂದರೆ ಇವರ ಅಂಗಳ ನಿಜಕ್ಕೂ ಡೊಂಕು. ಹಳೆಯ ಕಾಲದ ಒಳ್ಳೆಯ ಜಾಯ್‌ಸ್ಟಿಕ್ಕುಗಳಲ್ಲಿ ನಾಲ್ಕು ದಿಕ್ಕಿಗೂ ಒಂದೊಂದು ಮೈಕ್ರೋಸ್ವಿಚ್ ಇರುತ್ತಿತ್ತು. ಕೋಲು ವಾಲಿಸಿದರೆ ಟಿಕ್ ಎಂದು ಸದ್ದಾಗಿ ಬೆರಳಿಗೆ ಗೊತ್ತಾಗುತ್ತಿತ್ತು. ಮಿನಿಯ ಜೊತೆ ಬಂದ ಕೋಲಿಗೆ ಆ ಸ್ವಿಚ್ಚಿಲ್ಲ. ಬಲಕ್ಕೆ ತಿರುಗಿತೋ, ತಿರುಗುವ ಯೋಚನೆಯಲ್ಲಿದೆಯೋ ತಿಳಿಯುವುದಿಲ್ಲ. ಮೂಲೆಗೆ ವಾಲಿಸಿದರಂತೂ ಅದರ ಚಿತ್ತ. ಇದನ್ನು ರಾಯರೊಬ್ಬರೇ ಹೇಳಿದ್ದಲ್ಲ, ಕೊಂಡವರೆಲ್ಲ ಗೊಣಗಿದರು. 2019ರ ಡಿಸೆಂಬರಿನಲ್ಲಿ ಅದೇ ಕಂಪನಿ ಪೂರ್ಣ ಗಾತ್ರದ, ಕೀಬೋರ್ಡ್ ನಿಜಕ್ಕೂ ಕೆಲಸ ಮಾಡುವ ಪೆಟ್ಟಿಗೆ ತಂದಾಗ, ಅದರ ಜೊತೆ ಮೈಕ್ರೋಸ್ವಿಚ್ಚಿನ ಕೋಲನ್ನೇ ಕೊಟ್ಟಿತು. “ಅಲ್ಲಿಗೆ ತೀರ್ಪು ಬಂದ ಹಾಗಾಯ್ತಲ್ಲ ಸ್ವಾಮಿ?” ಎಂದು ರಾಯರು ಕೇಳುತ್ತಾರೆ. ತೀರ್ಪು ಬಂದದ್ದು ಕೋಲಿನ ಮೇಲೆ. ರಾಯರು ಆಡಬಲ್ಲರೋ ಇಲ್ಲವೋ ಎಂಬ ಮೂಲ ದಾವೆ ಹಾಗೇ ಉಳಿಯಿತು.

ಅದರಲ್ಲೂ ಕೆಲವು ಆಟಗಳು ಕೋಲಿನ ಕೊರಳು ಮುರಿಯಲೆಂದೇ ಹುಟ್ಟಿದವು. ಓಡಬೇಕೆಂದರೆ ಕೋಲನ್ನು ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಲೇ ಇರಬೇಕು; ಎಷ್ಟು ಜೋರಾಗಿ ಅಲ್ಲಾಡಿಸಿದರೆ ಅಷ್ಟು ಜೋರು ಓಟ. ಎಂಬತ್ತರ ದಶಕದಲ್ಲಿ ಯುರೋಪಿನ ಮಕ್ಕಳು ಹೀಗೆ ಎಷ್ಟೋ ಕೋಲು ಮುರಿದರು. ರಾಯರು ಅಲ್ಲಾಡಿಸುವಾಗ ಕೋಲಿಗಿಂತ ಮೊದಲು ರಾಯರ ಭುಜ ಹಿಡಿದುಕೊಂಡಿತು. ಆರ್ಥೋಪೆಡಿಕ್ ಡಾಕ್ಟರು “ಏನಾದ್ರೂ ಭಾರ ಎತ್ತಿದ್ರಾ?” ಎಂದಾಗ, “ಇಲ್ಲ, ಸ್ಕೇಟಿಂಗ್” ಎಂದರು.

ಕೋಲನ್ನು ಬಿಚ್ಚಿ ತಾವೇ ಮೈಕ್ರೋಸ್ವಿಚ್ ಹಾಕಿಬಿಡುವ ಹಂಬಲವೂ ಒಮ್ಮೆ ಹುಟ್ಟಿತು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ನಡುವಿನ ಕೊಂಡಿ ಕೂಡಿ, ಇಲ್ಲಿಂದ ಮೆಜೆಸ್ಟಿಕ್ಕಿಗೆ ಒಂದೇ ರೈಲಾಗಿತ್ತು. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರಸ್ತೆಗೆ ನಡೆದರು. ಬಿಡಿಭಾಗದ ಅಂಗಡಿಯವನು ತಲೆ ಎತ್ತದೆ ಕೇಳಿದ: “ಯಾತಕ್ಕೆ ಸಾರ್? ವಾಷಿಂಗ್ ಮಷೀನ್ ಬಾಗಿಲಿಗಾ, ಓವನ್‌ಗಾ?”

“ಜಾಯ್‌ಸ್ಟಿಕ್‌ಗೆ.”

ಈಗ ತಲೆ ಎತ್ತಿದ. “ಮಕ್ಕಳದಾ?”

“ಹ್ಞೂಂ, ಮಗಳದು” ಎಂದರು ರಾಯರು. ಮಗಳು ಆ ಹೊತ್ತಿಗೆ ಮನೆಯಲ್ಲಿ ಸಿಇಟಿಗೆ ಓದುತ್ತಿದ್ದಳು.

ಸ್ವಿಚ್ಚು ಬಂತು, ಬೆಸುಗೆ ಆಯಿತು, ಆದರೆ ಕೋಲಿನ ಬುಡದಲ್ಲಿ ನಾಲ್ಕಕ್ಕೂ ಜಾಗವಿರಲಿಲ್ಲ. ಒಂದನ್ನು ಹೇಗೋ ಗ್ಲೂ ಗನ್ ಹೊಡೆದು ಕೂರಿಸಿದರು. ಆಮೇಲೆ ಎಡಕ್ಕೆ ಮಾತ್ರ ಟಿಕ್ ಎಂದು ಚೊಕ್ಕವಾಗಿ ತಿರುಗುತ್ತಿತ್ತು. ಬಲಕ್ಕೆ ಹೋಗುವ ಆಟಗಳನ್ನು ರಾಯರು ಕೆಲ ಕಾಲ ಪಟ್ಟಿಯಿಂದಲೇ ತೆಗೆದಿಟ್ಟರು.

ನನಗೆ ಕುತೂಹಲವಿದ್ದದ್ದು ಬೇರೆ ಸಂಗತಿಯ ಬಗ್ಗೆ. ಈ ರಾಯರು ಬಾಲ್ಯದಲ್ಲಿ ಕಮಡೋರ್ ಕಂಡವರೇ? ಇಲ್ಲ. ಅವರು ಓದಿದ್ದು ಮೈಸೂರಿನಲ್ಲಿ. 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರುಗಳು ಬಂದವು. ರಾಯರ ಶಾಲೆಗೂ ಬಂತು. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ನಿಂತು, ಏಸಿ ಕೋಣೆಯೊಳಗೆ ಹೋಗಿ, ಮುಟ್ಟದೆ ನೋಡಿ ಬರುವುದು. ಪ್ರಸಾದ ಒಂದು ಕೊಡುತ್ತಿರಲಿಲ್ಲ. ರಾಯರು ಆಡಿದ ಆಟಗಳು ತೊಂಬತ್ತರ ದಶಕದವು, ನಮ್ಮೆಲ್ಲರ ಹಾಗೆ: ಬೇಸಿಗೆ ರಜೆಯಲ್ಲಿ ದಿನಬಾಡಿಗೆಗೆ ತಂದ, ಜಪಾನಿನ ಯಂತ್ರದ ನಕಲಾದ ‘ಟಿವಿ ಗೇಮ್’, ಅದಕ್ಕೆ ಸಿಕ್ಕಿಸುವ ಹಳದಿ ಕ್ಯಾಸೆಟ್, ಓಡದಿದ್ದರೆ ಬಾಯಿಂದ ಒಂದು ಊದು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದಿರುತ್ತಿತ್ತು. ಒಳಗಿದ್ದದ್ದು ಕೈಬೆರಳೆಣಿಕೆಯ ಆಟಗಳು. ಅದೇ ಮಾರಿಯೋ, ಅದೇ ಕಾಂಟ್ರಾ, ಅದೇ ಟ್ಯಾಂಕು ಬೇರೆ ಬೇರೆ ಹಂತದಿಂದ ಶುರುವಾಗಿ ಹೊಸ ನಂಬರು ಹೊತ್ತು ಬರುತ್ತಿದ್ದವು. ಆಗ ಯಾರೂ ಆರಿಸುತ್ತ ಕೂರಲಿಲ್ಲ. ಸಂಜೆಯೊಳಗೆ ವಾಪಸು ಕೊಡಬೇಕಿತ್ತಲ್ಲ.

ಅಂದರೆ ರಾಯರಿಗೆ ಕಾಡುತ್ತಿರುವುದು ಮ್ಯಾಂಚೆಸ್ಟರಿನ ಯಾವನೋ ಹುಡುಗನ ಬಾಲ್ಯ. ಇದನ್ನು ಒಮ್ಮೆ ಮೆಲ್ಲಗೆ ಎತ್ತಿದೆ. “ಅದಕ್ಕೇನೀಗ? ನೀವು ಇಂಗ್ಲೆಂಡಿಗೆ ಹೋಗದೇನೇ ಷರ್ಲಾಕ್ ಹೋಮ್ಸ್ ಓದಲಿಲ್ವೇ?” ಎಂದರು. ಉತ್ತರ ಹೊಳೆಯಲಿಲ್ಲ. ಚಕ್ಕುಲಿ ಬಾಯಲ್ಲಿತ್ತು.

ಮಗಳು ಒಂದು ದಿನ ಓದಿಗೆ ಬೇಸತ್ತು ಬಂದು ಕೂತಳು. ರಾಯರು ಉತ್ಸಾಹದಿಂದ ‘ಇಂಪಾಸಿಬಲ್ ಮಿಷನ್’ ಹಾಕಿದರು. 1984ರ ಆಟ, ಆ ಕಾಲಕ್ಕೇ ಒಳಗಿನ ಖಳ ವಿಜ್ಞಾನಿ ಬಾಯಿಬಿಟ್ಟು ಮಾತಾಡುತ್ತಾನೆ. ಅಜ್ಜಿ ಒಳಗಿನಿಂದ, “ಯಾರೋ ಬಂದ್ರು ನೋಡೇ” ಎಂದರು.

“ಅಪ್ಪ, ಜಂಪ್ ಯಾವ ಬಟನ್?”

“ಇದರಲ್ಲಿ ಫೈರ್. ಬೇರೆ ಆಟದಲ್ಲಿ ಕೋಲನ್ನ ಮೇಲಕ್ಕೆ ತಳ್ಳಬೇಕು.”

“ಇಷ್ಟೊಂದು ಬಟನ್ ಇದೆಯಲ್ಲ?”

“ಆಗ ಇದ್ದದ್ದು ಒಂದೇ ಬಟನ್ ಕಣಮ್ಮ. ಅದಕ್ಕೇ ಹಾರೋದಕ್ಕೆ ಮೇಲೆ ತಳ್ಳೋದು.”

“ಮೇಲೆ ಹತ್ತೋದಕ್ಕೆ?”

“ಅದಕ್ಕೂ ಮೇಲೆ.”

ಅವಳು ಭೌತಶಾಸ್ತ್ರಕ್ಕೆ ಮರಳಿದಳು. ಆದರೆ ಅವಳು ಕೇಳಿದ್ದು ದೊಡ್ಡ ಪ್ರಶ್ನೆಯೇ. 2022ರಲ್ಲಿ ಬಂದ ‘ದಿ ಎ500 ಮಿನಿ’ಯಲ್ಲಿ ಅಮಿಗಾ ಎಂಬ ಇನ್ನೊಂದು ಹಳೆಯ ಕಂಪ್ಯೂಟರಿನ 25 ಆಟಗಳಿದ್ದವು, ಜೊತೆಗೆ ಒಂದು ಮೌಸು, ಒಂದು ಗೇಮ್‌ಪ್ಯಾಡು, ಜಾಯ್‌ಸ್ಟಿಕ್ ಇಲ್ಲ. ಕೋಲನ್ನು ಮೇಲೆ ತಳ್ಳಿ ಹಾರಲು ಮಾಡಿದ ಆಟವನ್ನು ಹೆಬ್ಬೆರಳಲ್ಲಿ ಒತ್ತಿ ಆಡಿದರೆ ಹಾರಬೇಕಾದವನು ಹಾರುವುದಿಲ್ಲ, ನಡೆಯಬೇಕಾದವನು ಹಾರುತ್ತಾನೆ. ರಾಯರು ಅದನ್ನೂ ತರಿಸಿ, ಆ ತೊಡಕನ್ನು ಖುಷಿಯಿಂದ ನಮಗೆಲ್ಲ ತೋರಿಸಿದರು.

ಕೊನೆಗೆ ಆಗಬಾರದ್ದು ಆಯಿತು. ಭಾವಮೈದ ಮುಂದಿನ ಸಲ ಬಂದಾಗ ಆ ಮೈಕ್ರೋಸ್ವಿಚ್ಚಿನ ಹೊಸ ಕೋಲನ್ನೇ ಉಡುಗೊರೆ ತಂದುಬಿಟ್ಟ. ಸುದ್ದಿ ಹಬ್ಬಿತು. ಎಂದೂ ಬಾರದವರೂ ಆ ಶನಿವಾರ ಬಂದರು. ಕೋಲು ನಾಲ್ಕು ದಿಕ್ಕಿಗೂ ಟಿಕ್ ಟಿಕ್ ಎನ್ನುತ್ತಿತ್ತು, ರಾಯರ ಹಣೆ ಬೆವರುತ್ತಿತ್ತು. ಯೂರಿಡಿಯಮ್ ಹಾಕಿದರು. ಹಡಗು ಹೊರಟಿತು, ಎದುರಿನ ಗೋಡೆಗೆ ನೇರ ಬಡಿಯಿತು. ಮತ್ತೊಂದು ಹಡಗು ಹೊರಟಿತು, ಅದೇ ಗೋಡೆ.

ಯಾರೂ ಮಾತಾಡಲಿಲ್ಲ. ರಾಯರು ಕೋಲನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು, “ಟಿವಿ” ಎಂದರು.

ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಕ್ಷಣಾರ್ಧ ತಡವಾಗುತ್ತದೆ, ಕೈ ಒಂದು ಕಡೆ ಕಣ್ಣು ಒಂದು ಕಡೆ ಆಗುತ್ತದೆ. ಮಾತು ಸುಳ್ಳಲ್ಲ. ಗೇಮ್ ಮೋಡ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ ಎಂದು ಡಿ ಬ್ಲಾಕಿನ ಹುಡುಗನೊಬ್ಬ ರಿಮೋಟ್ ಹಿಡಿದು ಹಾಕಿಯೂ ಬಿಟ್ಟ. ಆಗ ರಾಯರು ಹರ್ಟ್ಸ್‌ಗೆ ಬಂದರು. ಯುರೋಪಿನ ಟಿವಿಗೆ ಬರೆದ ಆಟಗಳು ಸೆಕೆಂಡಿಗೆ 50 ಚಿತ್ರದ ಲೆಕ್ಕದವು, ಅಮೆರಿಕದವು 60ರವು; ಒಂದನ್ನು ಇನ್ನೊಂದರಲ್ಲಿ ಓಡಿಸಿದರೆ ನಡೆ ಕೆಡುತ್ತದೆ. ಸೋನಿಯಂಥ ಸೋನಿಯೇ 2018ರಲ್ಲಿ ಪ್ಲೇಸ್ಟೇಷನ್ ಕ್ಲಾಸಿಕ್ ಬಿಟ್ಟಾಗ ಅದರ 20 ಆಟಗಳಲ್ಲಿ 9 ಆಟಗಳು ಈ 50ರ ಯುರೋಪಿಯನ್ ಪ್ರತಿಗಳಾಗಿದ್ದು ಜನ ಬೈದರು ಎಂದು ದೃಷ್ಟಾಂತ ಕೊಟ್ಟರು. ಹಿಂದೆ ಅಗ್ರಹಾರಗಳಲ್ಲಿ ಇಂಥ ಪಟ್ಟು ಹಿಡಿದವರಿಗೆ ಶಾಲು ಹೊದಿಸುತ್ತಿದ್ದರು.

ಎರಡು ತಿಂಗಳು ರಾಯರು ಮಂಕಾಗಿದ್ದರು. ಕೋಲು ಸರಿ, ಟಿವಿ ಸರಿ, ಹರ್ಟ್ಸ್ ಸರಿ. ಅಂಗಳ ಸಮತಟ್ಟಾಗಿಬಿಟ್ಟಿತ್ತು. ನಡುವೆ ಯಾರದೋ ನಿಂಟೆಂಡೊ ಕ್ಲಾಸಿಕ್ಕನ್ನು ಎರವಲು ತಂದು ಸ್ವಲ್ಪ ಚೇತರಿಸಿಕೊಂಡರು. ಅದರ ಕಂಟ್ರೋಲರಿನ ವೈರು ಮುಕ್ಕಾಲು ಮೀಟರಿನಷ್ಟೇ, ಟಿವಿಗೆ ಮೂಗು ತಾಗಿಸಿ ಕೂರಬೇಕು. ತಾಯಿ ರೂಮಿನಿಂದ ಬಂದವರು, “ಅಷ್ಟು ಹತ್ರ ಕೂತ್ರೆ ಕಣ್ಣು ಹೋಗತ್ತೆ ಕಣೋ, ಎಷ್ಟು ಸಲ ಹೇಳೋದು ನಿಂಗೆ” ಎಂದರು. ಮೊದಲ ಸಲ ಹೇಳಿದ್ದು ರಾಮಾಯಣ ಧಾರಾವಾಹಿ ಬರುತ್ತಿದ್ದಾಗ.

ಮೊನ್ನೆ ಮತ್ತೊಂದು ಪಾರ್ಸೆಲ್ ಬಂದಿದೆ. 2024ರ ನವೆಂಬರಿನಲ್ಲಿ ಬಂದ ‘ದಿ ಸ್ಪೆಕ್ಟ್ರಮ್’, ಹಳೆಯ ಸಿಂಕ್ಲೇರ್ ಕಂಪ್ಯೂಟರಿನ ಪ್ರತಿರೂಪ, 48 ಆಟಗಳು. ಇದರ ಮೇಲೆ ತಮಗೆ ಹಕ್ಕಿದೆ ಎಂಬುದು ರಾಯರ ವಾದ: ಎಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ‘ಡಿಬಿ ಸ್ಪೆಕ್ಟ್ರಮ್’ ಎಂದು ಇದನ್ನು ನಮ್ಮ ದೇಶದಲ್ಲೇ ಮಾರಿತ್ತು. ಬಾಕ್ಸ್ ತೆರೆದಾಗ ನಾವೆಲ್ಲ ಇದ್ದೆವು. ಅವರ ಶ್ರೀಮತಿ ಥರ್ಮಾಕೋಲಿನ ಅಡಿಯವರೆಗೂ ಕೈಹಾಕಿ ತಡಕಾಡಿ, “ರೀ, ಇದರಲ್ಲಿ ಜಾಯ್‌ಸ್ಟಿಕ್ಕೇ ಇಲ್ವಲ್ರೀ?” ಎಂದರು.

“ಕೊಡಲ್ಲ ಕಣೇ. ನಾವೇ ನೋಡಿ ಹೊಂದಿಸ್ಕೋಬೇಕು” ಎಂದರು ರಾಯರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿತ್ತು. ಹೆಬ್ಬೆರಳಿಂದ ಒಂದು ಕೀ ಒತ್ತಿ ನೋಡಿ ನಮ್ಮ ಕಡೆ ತಿರುಗಿದರು: “ಕೀಬೋರ್ಡಲ್ಲೇ ಆಡಬಹುದು ಅಂತಾರೆ. ಆದರೆ ನೋಡಿ, ರಬ್ಬರು.”