ನಾಲ್ಕು ಗಂಟೆಯ ಮೇಲಿನ ವೆನಿಸ್

ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಮೂವರು ಬೆಂಗಳೂರಿಗರು ಕಳೆದ ವರ್ಷ ವಾರಾಂತ್ಯಕ್ಕೆ ವೆನಿಸ್‌ಗೆ ಬಂದರು. ರೂಮು ಮಾತ್ರ, ಅಗ್ಗವೆಂದು, ಹತ್ತಿರದ ಪಡುವಾ ನಗರದಲ್ಲಿ. ಸಾಂತಾ ಲೂಚಿಯಾ ನಿಲ್ದಾಣದೆದುರೇ ಗ್ರ್ಯಾಂಡ್ ಕೆನಾಲ್ ಹೊಳೆಯುತ್ತಿದ್ದರೂ ಮೂವರ ಪೈಕಿ ಖಜಾಂಚಿಯಾಗಿದ್ದವನು ಅಡ್ಡ ನಿಂತ.

“ತಲೆಗೆ 10 ಯೂರೋ ಪ್ರವೇಶ ಶುಲ್ಕ ಕಣ್ರೋ. ಮೊದಲೇ ಬುಕ್ ಮಾಡಿದ್ರೆ 5 ಇತ್ತು.”

“ಊರೊಳಗೆ ಕಾಲಿಡೋಕೂ ಟಿಕೆಟ್ಟಾ? ಇದೇನು ಲಾಲ್‌ಬಾಗ್ ಫ್ಲವರ್ ಶೋನಾ?”

“ವೆನಿಸ್‌ನಲ್ಲೇ ರೂಮ್ ಮಾಡಿದ್ರೆ ಮಾಫಿಯಂತೆ,” ಎಂದ ಮೂರನೆಯವನು ಮೊಬೈಲ್ ನೋಡುತ್ತ. ಖಜಾಂಚಿಗೆ ಅದು ಕೇಳಿಸಲಿಲ್ಲ.

2024ರ ಏಪ್ರಿಲ್ 25ರಂದು ಶುರುವಾದ ಈ ಸುಂಕ ಆಯ್ದ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ. ಗುಂಪು ಕರಗಿಸಲೆಂದು ತಂದದ್ದು. ಗುಂಪು ಕರಗಿದ ಹಾಗೇನೂ ಕಾಣದು, ನಗರಪಾಲಿಕೆಗಂತೂ ಕಾಸು ಬಂತು.

“ಹಾಗಾದ್ರೆ ನಾಲ್ಕರವರೆಗೆ ಇಲ್ಲೇ ಕೂರೋಣ. ಪುಕ್ಕಟೆ!”

ಕೂತರು. ಎರಡು ಸುತ್ತು ಕಾಫಿ, ಮೂವರಿಗೂ ಸ್ಯಾಂಡ್‌ವಿಚ್, ಶೌಚಾಲಯಕ್ಕೆ ಚಿಲ್ಲರೆ. ಉಳಿಸಲು ಹೊರಟ 30 ಯೂರೋ ಎರಡೂವರೆಗೇ ಖಾಲಿ.

ಕೊನೆಗೂ ನಾಲ್ಕು ಹೊಡೆಯಿತು.

“ಈಗ ಗೊಂಡೋಲಾ!”

“ಅರ್ಧ ಗಂಟೆಗೆ 90 ಯೂರೋ. ಪಾಲಿಕೆಯೇ ಗೊತ್ತುಮಾಡಿದ ರೇಟು, ಚೌಕಾಸಿ ನಡೆಯಲ್ಲ.”

“ತಡಿ, ಏಳು ಗಂಟೆ ಮೇಲೆ ಕಮ್ಮಿ ಇರತ್ತೆ.”

“ಏಳರ ಮೇಲೆ 110.”