ಜಲೋಡ್ಡಯನ ವಿಚಾರ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಬಂಗಾರಕ್ಕಾಗಿ ಜನರು ನಿತ್ಯವೂ ಪಾತಾಳಕ್ಕಿಳಿಯುತ್ತಿರಲು, ಅದೇ ಸೀಮೆಯವನಾದ ನಾನು ಊರ್ಧ್ವಗಮನವನ್ನು ಕುರಿತು ಚಿಂತಿಸತೊಡಗಿದ್ದಕ್ಕೆ ಕಾರಣ, ಮೈಗೆ ಯಂತ್ರವೊಂದನ್ನು ಬಿಗಿದುಕೊಂಡು, ನೀರನ್ನು ಕೆಳಕ್ಕೆ ಚಿಮ್ಮಿಸುತ್ತ ತಾನು ಮೇಲಕ್ಕೇರುವ ವಿದ್ಯೆಯೊಂದು ಲೋಕದಲ್ಲಿ ಪ್ರಚಾರಕ್ಕೆ ಬಂದಿದೆಯೆಂಬ ವಾರ್ತೆ. ಫ್ರಾನ್ಸಿನ ಫ್ರಾಂಕಿ ಜಪಾಟಾ 2011ರಲ್ಲಿ ನಿರ್ಮಿಸಿದ ಫ್ಲೈಬೋರ್ಡು ಇದರ ಪ್ರಸಿದ್ಧ ಮಾದರಿ. ನನಗಂತೂ ಇದರಲ್ಲಿ ತತ್ತ್ವತಃ ಹೊಸತೇನೂ ಕಾಣಲಿಲ್ಲ. ಲಂಕೆಗೆ ನೆಗೆಯಲು ಹನುಮಂತನು ಮಹೇಂದ್ರಪರ್ವತವನ್ನು ಒತ್ತಿದಾಗ ಬೆಟ್ಟದಿಂದ ನೀರು ಚಿಮ್ಮಿತೆಂದು ವಾಲ್ಮೀಕಿಗಳು ವರ್ಣಿಸಿದ್ದಾರೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ರಮಣೀಯವಾದ ನಿದರ್ಶನವನ್ನು ನಾನರಿಯೆ.

ಆದರೆ ಹನುಮಂತನಿಗೆ ಲೆಕ್ಕ ಬೇಕಿರಲಿಲ್ಲ. ಯಂತ್ರಸಮೇತ 100 ಕಿಲೋ ತೂಗುವ ಸಾಧಾರಣ ಗೃಹಸ್ಥನು ಗಾಳಿಯಲ್ಲಿ ಸುಮ್ಮನೆ ನಿಲ್ಲಬೇಕಾದರೂ, ಸೆಕೆಂಡಿಗೆ 30 ಮೀಟರು ವೇಗದಲ್ಲಿ, ಪ್ರತಿ ಸೆಕೆಂಡಿಗೂ ಸುಮಾರು 33 ಲೀಟರು ನೀರನ್ನು ಕೆಳಕ್ಕೆ ಎಸೆಯುತ್ತಲೇ ಇರಬೇಕು. ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಇದಕ್ಕೆ 20 ಅಶ್ವಶಕ್ತಿ ಬೇಕು. ಭತ್ತಕ್ಕೆ ಔಷಧಿ ಹೊಡೆಯುವ 16 ಲೀಟರಿನ ಬೆನ್ನಿನ ಪಂಪನ್ನೇ ನೆಚ್ಚಿ ಹೊರಟವನ ನೀರು ಅರ್ಧ ಸೆಕೆಂಡಿನಲ್ಲಿ ತೀರಿ, 'ಏರಿದೆ' ಎಂಬ ಕ್ರಿಯಾಪದವು ಬಾಯಿಂದ ಹೊರಡುವ ಮೊದಲೇ ಆತನು ಕೆಸರಿನಲ್ಲಿರುತ್ತಾನೆ. ಆದಕಾರಣ ನೀರನ್ನೂ ಪಂಪನ್ನೂ ಕೆಳಗೇ ಬಿಟ್ಟು, ಉದ್ದನೆಯ ಕೊಳವೆಯೊಂದರಿಂದ ಮೇಲಕ್ಕೆ ಹಾಯಿಸುತ್ತಾರೆ. 10 ಸೆಂಟಿಮೀಟರು ಒಳಗಲದ ಕೊಳವೆಯು 10 ಮೀಟರು ಮೇಲೆದ್ದರೆ ಒಳಗಿನ ನೀರೇ ಸುಮಾರು 80 ಕಿಲೋ. ಹಾರುವವನಿಗೆ ದಕ್ಕುವ ಸ್ವಾತಂತ್ರ್ಯವೋ, ಗೂಟಕ್ಕೆ ಕಟ್ಟಿದ ಎಮ್ಮೆಯದಷ್ಟೇ. 2019ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ಜಪಾಟಾ ಕೂಡ, ಕೆಳಗೆ ಅಷ್ಟೊಂದು ನೀರಿದ್ದರೂ, ಸೀಮೆಎಣ್ಣೆಯ ಯಂತ್ರವನ್ನೇ ಆಶ್ರಯಿಸಬೇಕಾಯಿತು.

ಮಿತವ್ಯಯದ ಮಾರ್ಗವೂ ಇಲ್ಲದಿಲ್ಲ. ವೇಗವನ್ನು ಅರ್ಧಕ್ಕಿಳಿಸಿ ನೀರನ್ನು ಇಮ್ಮಡಿಸಿದರೆ ಶಕ್ತಿಯೂ ಅರ್ಧವೇ ಸಾಕು. ಹೀಗೆಯೇ ಇಳಿಸುತ್ತ ಬಂದರೆ, ನಷ್ಟವನ್ನು ಹಿಡಿಯದ ಲೆಕ್ಕದಲ್ಲಿ, ನಮ್ಮ ರೈತರ 5 ಅಶ್ವಶಕ್ತಿಯ ಮೋಟಾರೇ ಮನುಷ್ಯನನ್ನು ಎತ್ತಬಲ್ಲುದು. ನೀರು ಮಾತ್ರ ಸೆಕೆಂಡಿಗೆ 130 ಲೀಟರು, ನಾಲೆಯ ಭಾಷೆಯಲ್ಲಿ ನಾಲ್ಕೂವರೆ ಕ್ಯೂಸೆಕ್ಸು. ಇನ್ನೊಂದು ಮಾರ್ಗ ಮೈಯಿಳಿಸುವುದು. 1915ರಲ್ಲಿ ಚಿನ್ನವನ್ನರಸುತ್ತಿದ್ದ ಗಣಿ ಎಂಜಿನಿಯರ್ ಬೀಡನ್ನರಿಗೆ ಮಸ್ಕಿಯಲ್ಲಿ ದೊರೆತ ಅಶೋಕಶಾಸನವು, ಉನ್ನತಿಯು ದೊಡ್ಡವರಿಗೆ ಮಾತ್ರವಲ್ಲ, ಧರ್ಮನಿಷ್ಠನಾದ ಸಣ್ಣವನಿಗೂ ಸಾಧ್ಯವೆಂದು ಸಾರುತ್ತದೆ. ಭೌತಶಾಸ್ತ್ರವು ಒಂದು ಹೆಜ್ಜೆ ಮುಂದೆ ಹೋಗಿ, ಧರ್ಮದ ಪ್ರಸ್ತಾಪವನ್ನೇ ಎತ್ತದೆ, ಸಣ್ಣವನಿಗೇ ಸುಲಭವೆನ್ನುತ್ತದೆ. ನನ್ನ ಸೊಂಟದ ಸುತ್ತಳತೆಯನ್ನು ಬಲ್ಲವರು ಈ ವಾಕ್ಯವನ್ನು ಓದಿ ನಗುವುದು ಬೇಡ.

ಈ ಸಿದ್ಧಾಂತವನ್ನೆಲ್ಲ ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ವೃದ್ಧ ರೈತರೊಬ್ಬರ ಮುಂದೆ ವಿಸ್ತರಿಸಿದಾಗ, ಅವರು ಬೀಡಿಯನ್ನು ಕೆಳಗಿಟ್ಟು, "ಮಾಸ್ತರ್ರ, ನಮ್ಮ ಹೊಲಕ್ಕ ನೀರು ಏರವಲ್ದು, ನೀವು ನೀರು ತಗೊಂಡು ಮುಗಿಲಿಗೆ ಏರಾಕ ಹೊಂಟೀರೇನು?" ಎಂದರು. ಎಸೆದ ನೀರೆಲ್ಲ ಮರಳಿ ನಾಲೆಗೇ ಬೀಳುವುದರಿಂದ ವ್ಯಯವೇ ಇಲ್ಲವೆಂದು ನಾನು ವಾದಿಸಿದೆನಾದರೂ ಅವರು ನಂಬಲಿಲ್ಲ. ಇಂಥ ಸಮಾಧಾನವನ್ನು ನಾಲೆಯ ಮೇಲ್ಭಾಗದವರ ಬಾಯಿಂದ ಅವರು ಬಹುಕಾಲದಿಂದ ಕೇಳಿದವರು. ಆದುದರಿಂದ ಈ ಸೀಮೆಯಲ್ಲಿ ಹಾರಬಯಸುವ ವಾಚಕಮಹಾಶಯರು, ಯಂತ್ರವನ್ನು ಕೊಳ್ಳುವ ಮುನ್ನ, ಕೊನೆಭಾಗದ ರೈತರ ಒಪ್ಪಿಗೆಯನ್ನು ಪಡೆಯತಕ್ಕದ್ದು.