ಭಾವನ ಎರಡನೆಯ ಲಿವರ್

"ಭಾವನಿಗೆ ಈಗ ಎರಡು ಲಿವರ್" ಎಂದು ನಾನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಕಾರ್ಕಳದ ದೊಡ್ಡಮ್ಮ "ಅಯ್ಯೋ ದೇವರೇ, ಆಪರೇಷನ್ ಯಾವಾಗ?" ಎಂದು ಅಳಲಿಕ್ಕೇ ಶುರು ಮಾಡಿದರು. ಆಪರೇಷನ್ ಅಲ್ಲ ದೊಡ್ಡಮ್ಮ, ಗಾಡಿ. ಗೇರಿನ ಲಿವರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್, ಅದರ ನೆತ್ತಿಯ ಮೇಲೆ 2ಎಚ್, 4ಎಚ್, ಎನ್, 4ಎಲ್ ಎಂಬ ಬೀಜಾಕ್ಷರಗಳು. ಭಾವ ಥಾರ್ ತೆಗೆದುಕೊಂಡದ್ದೇ ಆ ಗಿಡ್ಡ ಲಿವರಿಗಾಗಿ. ಉಳಿದ ಗಾಡಿ ಅದರ ಜೊತೆ ಬಂದದ್ದು.

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಈಗ ಬಿಲ್ಡಿಂಗಿಗೊಬ್ಬರಂತೆ ಇಂಥವರಿದ್ದಾರೆ. ಮನೆ ಮುಲುಂಡ್, ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಹೋಗಿಬರುವುದು ಲೋಕಲ್ ಟ್ರೇನಿನಲ್ಲಿ. ಗಾಡಿ ಐದು ದಿನ ಹೊದ್ದು ಮಲಗಿರುತ್ತದೆ. ಒಂದರ ಮೇಲೊಂದು ಕಾರು ಏರಿಸಿಡುವ ಪಾರ್ಕಿಂಗಿನಲ್ಲಿ ಅದರ ತಲೆ ತಾಗುತ್ತದೆಂದು ಭಾವ ಬೇರೆ ಜಾಗಕ್ಕೆ ತಿಂಗಳ ಬಾಡಿಗೆ ಕೊಡುತ್ತಾರೆ. ಹಿಂಬದಿಯಲ್ಲಿ ಒಂದು ಗುದ್ದಲಿ ಕಟ್ಟಿದ್ದಾರೆ, ಅದನ್ನು ಅಕ್ಕ ತುಳಸಿಕುಂಡದ ಮಣ್ಣು ಬದಲಿಸಲು ಒಯ್ಯುತ್ತಾಳೆ. ಗಾಡಿ ತೊಳೆಯುವ ಹುಡುಗನಿಗೆ ಕಟ್ಟಪ್ಪಣೆಯಿದೆ: ಗಾಜು ಒರೆಸು, ಕೆಸರು ಮುಟ್ಟಬೇಡ. ಆ ಕೆಸರೋ, ಎಲ್‌ಬಿಎಸ್ ರಸ್ತೆಯ ಮೆಟ್ರೋ ಕಾಮಗಾರಿಯದು. ನೋಡಿದವರು ಸ್ಪಿತಿ ಕಣಿವೆಯದು ಎಂದುಕೊಂಡರೆ ಭಾವ ತಿದ್ದುವುದಿಲ್ಲ.

ಭಾವನ ಈ ಹುಚ್ಚಿಗೆ ಬೀಜ ಬಿದ್ದದ್ದು 2005ರ ಜುಲೈ 26ರಂದು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಹೊಯ್ದ ಆ ದಿನ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಭಾವ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕುರ್ಲಾದಿಂದ ಮುಲುಂಡಿಗೆ ನಡೆದರು. ಎದೆಮಟ್ಟದ ನೀರಿನಲ್ಲಿ ನಿಂತೇ ಶಪಥ ಮಾಡಿದರಂತೆ, ಒಂದು ದಿನ ನಾಲ್ಕೂ ಚಕ್ರ ಎಳೆಯುವ ಗಾಡಿ ತೆಗೆದೇ ತೆಗೆಯುತ್ತೇನೆ ಎಂದು. 2020ರ ಅಕ್ಟೋಬರ್ 2ರಂದು ಹೊಸ ಥಾರ್ ಮಾರುಕಟ್ಟೆಗೆ ಬಂತು. "ನೋಡು ಮಾರಾಯ, ಗಾಂಧಿ ಜಯಂತಿಗೇ ಬಂದಿದೆ" ಎಂದರು, ಅಕ್ಕನನ್ನು ಒಪ್ಪಿಸಲು ಅದೂ ಒಂದು ಕಾರಣವೆಂಬಂತೆ.

ಮೊದಲ ತಿಂಗಳು ಭಾವ ಎಲ್ಲಿ ಹೋದರೂ 4ಎಚ್, ಅಂದರೆ ನಾಲ್ಕೂ ಚಕ್ರದ ಎಳೆತ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲೂ 4ಎಚ್, ತರಕಾರಿ ಮಾರ್ಕೆಟಿಗೂ 4ಎಚ್. ಕೇಳಿದರೆ, "ನಾಲ್ಕು ಚಕ್ರಕ್ಕೂ ದುಡ್ಡು ಕೊಟ್ಟಿದ್ದೇನೆ, ಎರಡನ್ನು ಯಾಕೆ ಕೂರಿಸಿ ಸಾಕಬೇಕು?" ಲೆಕ್ಕ ಸರಿಯಾಗಿಯೇ ಇತ್ತು, ಯೂ-ಟರ್ನ್ ಬರುವವರೆಗೆ. ತಿರುವಿನಲ್ಲಿ ಗಾಡಿ ಹಟ ಹಿಡಿದ ಎಮ್ಮೆಯ ಹಾಗೆ ಎಗರಿ ಎಗರಿ ನಿಲ್ಲುತ್ತಿತ್ತು, ಕೆಳಗಿನಿಂದ ಯಾರೋ ಹಲ್ಲು ಕಡಿದಂಥ ಸದ್ದು. ಒಂದು ದಿನ ಕುರ್ಲಾದ ಗ್ಯಾರೇಜಿಗೆ ಹೋದೆವು. ಮುದುಕ ಮಿಸ್ತ್ರಿ ಬಾನೆಟ್ ಎತ್ತಲೂ ಇಲ್ಲ. ಬೀಡಿ ಹಚ್ಚಿ, ತನ್ನ ಬಂಬಯ್ಯಾ ಹಿಂದಿಯಲ್ಲಿ ಭಾವನಿಗೆ ಒಂದು ಪ್ರಶ್ನೆ ಹಾಕಿದ.

"ಲಾಲ್‌ಬಾಗಿನಲ್ಲಿ ವಿಸರ್ಜನೆಯ ದಿನ ಗಣಪತಿಯ ಟ್ರಾಲಿ ತಿರುಗುವುದು ನೋಡಿದ್ದೀರಾ ಸೇಠ್? ಮುಂದೆ ಎಳೆಯುವವರದು ದೊಡ್ಡ ಸುತ್ತು, ಹಿಂದೆ ತಳ್ಳುವವರದು ಸಣ್ಣ ಸುತ್ತು. ಇಬ್ಬರ ಸೊಂಟಕ್ಕೂ ಒಂದೇ ಸಲಾಕೆ ಬಿಗಿದು, ಸರಿಸಮ ಹೆಜ್ಜೆ ಹಾಕಿ ಅಂದರೆ?"

"ಯಾರದ್ದಾದರೂ ಸೊಂಟ ಮುರಿಯುತ್ತದೆ."

"ಅದೇ ಸದ್ದು ನೀವು ಕೇಳಿದ್ದು."

ಆಮೇಲೆ ಮಿಸ್ತ್ರಿ ಬಿಡಿಸಿ ಹೇಳಿದ. 4ಎಚ್ ಹಾಕಿದೊಡನೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಗಂಟು ಬೀಳುತ್ತದೆ. ಕೆಸರು, ಮರಳು, ಜಲ್ಲಿಯಲ್ಲಿ ಚಕ್ರ ತುಸು ಜಾರುತ್ತದೆ, ಹೆಚ್ಚುಕಡಿಮೆಯಾದ ಸುತ್ತಿನ ಸಾಲವನ್ನು ಮಣ್ಣೇ ಮನ್ನಾ ಮಾಡುತ್ತದೆ. ಒಣ ಡಾಂಬರು ಹಾಗಲ್ಲ, ಅದು ಸಹಕಾರಿ ಬ್ಯಾಂಕಿನ ವಸೂಲಿಯವನಿದ್ದಂತೆ. ಟಯರು ತೆರಬೇಕು, ಇಲ್ಲ ಗೇರ್‌ಬಾಕ್ಸ್ ತೆರಬೇಕು. ಇನ್ನು 4ಎಲ್ ಅಂದರೆ ಆಮೆಯ ನಡೆ, ಆನೆಯ ಬಲ. ಗಾಡಿಯನ್ನು ಪೂರ್ತಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ ಮಾಡಿ, ಆಮೇಲೆ ಹಾಕಬೇಕು. ಮತ್ತೊಂದು ಮಾತನ್ನು ಬೀಡಿ ನಂದಿಸಿ ಹೇಳಿದ: "ನಾಲ್ಕು ಚಕ್ರ ಎಳೆಯುವುದಕ್ಕೆ ಮಾತ್ರ. ಬ್ರೇಕು ಎಲ್ಲ ಗಾಡಿಗೂ ನಾಲ್ಕೇ." ಇದು ಭಾವನಿಗೆ ಸ್ವಲ್ಪ ಅವಮಾನವೇ ಆಯಿತೆಂದು ಕಾಣುತ್ತದೆ, ದಾರಿಯುದ್ದಕ್ಕೂ ಮಾತಾಡಲಿಲ್ಲ, ಎರಡು ಚಕ್ರದಲ್ಲೇ ಮನೆಗೆ ಬಂದರು.

ವಿದ್ಯೆ ಬಂದಮೇಲೆ ವಿರಹ ಶುರುವಾಯಿತು. ಹಾಕಬಾರದ ಜಾಗ ಗೊತ್ತಾಯಿತು, ಹಾಕುವ ಜಾಗ ಬೇಕಲ್ಲ? ಮುಂಬಯಿಯಲ್ಲಿ ಕೆಸರು ಹುಡುಕುವುದು ಪಾರ್ಕಿಂಗ್ ಹುಡುಕುವುದಕ್ಕಿಂತ ಕಷ್ಟವೆಂದು ಆಗ ತಿಳಿಯಿತು. ಬೈಕುಲ್ಲಾದಿಂದ ಬೊರಿವಲಿಯವರೆಗೆ ಎಲ್ಲ ಕಾಂಕ್ರೀಟ್. ಬೀಚಿಗೆ ಗಾಡಿ ಇಳಿಸಿದರೆ ಪೊಲೀಸರು ಕೇಸು ಹಾಕುತ್ತಾರೆ. ಹೀಗೆ ಭಾವ ಅಲಿಬಾಗ್ ದಾಟಿ, ಕಡಲಿಗೆ ಹೋಗುವ ದಾರಿಯಲ್ಲೇ ಮರಳು ಸಿಕ್ಕುವ ಒಂದು ಓಣಿಯನ್ನು ಕಂಡುಹಿಡಿದರು. ಹಿಂದಿನ ಸೀಟಿನಲ್ಲಿ ನಾನಿದ್ದೆ. 4ಎಚ್ ಬಿತ್ತು, ಹಲಗೆಯ ಮೇಲೆ ಹಸಿರು ದೀಪ ಹತ್ತಿತು, ಭಾವನ ಮುಖದ ಮೇಲೂ ಹತ್ತಿತು. ಇಪ್ಪತ್ತು ಮಾರು ಹೋದೆವು. ಗಾಡಿ ತುಸು ತಡವರಿಸಿದ್ದೇ ತಡ, ಭಾವ ಆಕ್ಸಿಲರೇಟರನ್ನು ತುಳಿದರು, ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಇನ್ನಷ್ಟು ತುಳಿದರು, ಇನ್ನಷ್ಟು ತೋಡಿತು. ಎರಡೇ ಚಕ್ರ ಎಳೆಯುವ ಗಾಡಿಯಾಗಿದ್ದರೆ ಎರಡು ಗುಂಡಿ ಆಗುತ್ತಿತ್ತು, ಇಲ್ಲಿ ನಾಲ್ಕು.

ಎತ್ತಿನಗಾಡಿಯ ಅಜ್ಜನೊಬ್ಬ ಬಂದು ಸುತ್ತ ನೋಡಿ, "ಹವಾ ಕಮೀ ಕರಾ" ಎಂದ. ಹೊಸ ಟಯರಿನ ಗಾಳಿ ಬಿಡಲು ಭಾವನಿಗೆ ಜೀವ ಒಪ್ಪಲಿಲ್ಲ. ಗಾಳಿ ಇಳಿಸಿದ ಟಯರು ಒಂಟೆಯ ಪಾದದ ಹಾಗೆ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ ಎಂಬುದನ್ನು ನಾವು ಆಮೇಲೆ ಕಲಿತದ್ದು. ಕೊನೆಗೆ ನಾಲ್ಕೂ ಚಕ್ರಕ್ಕೆ ಬಲವಿದ್ದ ಗಾಡಿಯನ್ನು ಎಂಟೂ ಕಾಲಿಗೆ ಬಲವಿದ್ದ ಜೋಡೆತ್ತು ಹೊರಗೆ ತಂದವು. ಸಾವಿರ ರೂಪಾಯಿ. ಅಜ್ಜ ದುಡ್ಡು ಎಣಿಸುತ್ತಿದ್ದಾಗ ಎತ್ತು ಬಾನೆಟ್ಟಿಗೆ ಮೂತಿ ಒರೆಸಿತು.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಕಳಸದಿಂದ ಮುಳ್ಳೋಡಿಗೆ ಚಾರಣದವರನ್ನು ಸಾಗಿಸುವ ಜೀಪಿನ ಡ್ರೈವರ್ ಸಿಕ್ಕ. ಹತ್ತು ಜನರನ್ನು ತುಂಬಿಕೊಂಡು ಕಲ್ಲುಬಂಡೆ ಏರುವ ಮನುಷ್ಯ. ಭಾವ ಸಮಾನಸ್ಕಂಧರ ಧಾಟಿಯಲ್ಲಿ, "ನೀವು ಫೋರ್ ಎಲ್ಲಿಂದ ಹಾಕ್ತೀರಿ?" ಎಂದು ಕೇಳಿದರು. ಆತ ಎಲೆಯಡಿಕೆ ಉಗಿದು, "ಹೂತುಕೊಂಡ್ರೆ ಹಾಕ್ತೇವೆ ಸಾರ್, ಹೂತುಕೊಳ್ಳಲಿಕ್ಕೆ ಹಾಕುದಲ್ಲ" ಎಂದ.

ಈ ಜುಲೈಯಲ್ಲಿ ಭಾವ ಹದಿನೈದು ವರ್ಷ ಕಾದ ಮೇಲೆ ಮತ್ತೂ ಕೆಲವು ವರ್ಷ ಕಾದಿದ್ದ ಮಳೆ ಬಂತು. ಅಕ್ಕ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋಗಿದ್ದಳು. ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲು ನೀರು, ಟ್ರೇನ್ ಬಂದ್. "ಅಲ್ಲೇ ಇರು, ಬಂದೆ" ಎಂದು ಭಾವ ಫೋನಿನಲ್ಲಿ ಹೇಳಿದ ಗತ್ತು ಕೇಳಬೇಕಿತ್ತು. ನನ್ನನ್ನೂ ಎಳೆದುಕೊಂಡು ಹೊರಟರು. ಗಾಡಿಯ ಪುಸ್ತಕದಲ್ಲಿ 650 ಮಿಲಿಮೀಟರ್ ನೀರು ದಾಟಬಹುದೆಂದಿದೆ, ಅದಕ್ಕಿಂತ ಮೇಲೇರಿ ಎಂಜಿನ್ ನೀರು ಕುಡಿದರೆ ನಾಲ್ಕಲ್ಲ, ನಲವತ್ತು ಚಕ್ರವಿದ್ದರೂ ಅಷ್ಟೇ ಎಂದು ಭಾವನೇ ಪಾಠ ಹೇಳಿದರು. ಎಲ್ಲ ಸರಿ. ಆದರೆ ಸಾಯನ್ ಹತ್ತಿರ ನಮ್ಮ ಮುಂದೆ ಕೆಂಪು ಬಸ್ಸು, ಅದರ ಮುಂದೆ ಟೆಂಪೊ, ಅದರ ಮುಂದೆ ಕೆಟ್ಟುನಿಂತ ರಿಕ್ಷಾಗಳ ಸಾಲು. ಬಸ್ಸನ್ನು ಹತ್ತಿ ದಾಟುವ ಗುರುತು ಆ ಗಿಡ್ಡ ಲಿವರಿನ ಮೇಲೆ ಇರಲಿಲ್ಲ. ಎರಡೂವರೆ ಗಂಟೆ ಅಲ್ಲೇ ನಿಂತೆವು.

ಯಾರೋ ಗಾಜು ತಟ್ಟಿದರು. ನೋಡಿದರೆ ಅಕ್ಕ. ಸೀರೆ ಎತ್ತಿಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಮಾಟುಂಗದಿಂದ ನಡೆದುಬಂದಿದ್ದಳು. ಕಿಟಕಿಯಿಂದ ಇಡ್ಲಿಯ ಪೊಟ್ಟಣ ಒಳಗೆ ಕೊಟ್ಟು ಕೇಳಿದಳು:

"ಈಗ ಅದು ಯಾವುದರಲ್ಲಿದೆ?"

"ಫೋರ್ ಎಚ್" ಎಂದರು ಭಾವ.

"ಸರಿ, ನೀವು ನಿಧಾನಕ್ಕೆ ಬನ್ನಿ. ಘಾಟ್ಕೋಪರ್‌ನಿಂದ ಟ್ರೇನ್ ಇದೆಯಂತೆ, ನಾನು ಹೋಗಿ ಅಕ್ಕಿ ಇಡ್ತೇನೆ."